ಹಂದಿಮರಿಗೆ ಅಳೆದು ಹಾಕುವ ಪುಡಿ

ನಮ್ಮ ಹಂದಿ ಗೂಡಿನ ಪಕ್ಕ ಮೇವು ಇಡುವ ಒಂದು ಸಣ್ಣ ಕೋಣೆ ಇದೆ. ಅಲ್ಲೊಂದು ತಕ್ಕಡಿ, ಅದರ ಪಕ್ಕ ಮುಚ್ಚಳ ಬಿಗಿಯಾಗಿರುವ ಒಂದು ಡಬ್ಬಿ. ಡಬ್ಬಿಯೊಳಗೆ ತಿಳಿ ಕಂದು ಬಣ್ಣದ, ಸಕ್ಕರೆ ಹರಳಿನಂಥ ಪುಡಿ. ಅದು ಲೈಸಿನ್.

ಭಾನುವಾರ ಬೆಳಿಗ್ಗೆ ನಾನೂ ನಮ್ಮ ಯಜಮಾನರೂ ಸೇರಿ ವಾರದ ಮೇವು ಬೆರೆಸುತ್ತೇವೆ. ಮೆಕ್ಕೆಜೋಳದ ನುಚ್ಚು, ಅಕ್ಕಿ ತೌಡು, ಸೋಯಾ ಹಿಂಡಿ, ಖನಿಜದ ಪುಡಿ, ಉಪ್ಪು. ಕೊನೆಗೆ ನೂರು ಕೆ.ಜಿ.ಗೆ 250 ಗ್ರಾಂ ಲೈಸಿನ್. ಅದನ್ನು ಮಾತ್ರ ನಾನೇ ತೂಗುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಗ್ರಾಂ ಲೆಕ್ಕ ನನ್ನ ಪಾಲಿಗೆ ಬಂದಿದೆ.

ಕಳೆದ ಕಾಫಿ ಕುಯ್ಲಿನ ಹೊತ್ತಿಗೆ ನಮ್ಮ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರಿಗೆ ಕಟ್ಟಿದ ಸಾಲು ಮನೆಯಲ್ಲಿ, ಪಿರಿಯಾಪಟ್ಟಣದ ಕಡೆಯ ಒಂದು ಸಂಸಾರ ಇತ್ತು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು. ಆ ಹುಡುಗಿಗೆ ಹಂದಿಮರಿ ಅಂದರೆ ಪ್ರಾಣ. ಮೇವು ಬೆರೆಸುವಾಗೆಲ್ಲ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಒಂದು ದಿನ ಕೇಳಿದಳು.

"ಏನದು ಟೀಚರಮ್ಮ?"

"ಮರಿ ಚೆನ್ನಾಗಿ ಬೆಳೀಲಿ ಅಂತ ಹಾಕೋ ಪುಡಿ ಕಣಮ್ಮ."

"ನಂಗೂ ಒಂಚೂರು ಕೊಡಿ."

ನನ್ನ ಕೈ ಅಲ್ಲೇ ನಿಂತಿತು. ಅವಳ ಕೈಯಲ್ಲಿ ಒಂದು ಸ್ಟೀಲ್ ತಟ್ಟೆ ಇತ್ತು. ತಟ್ಟೆಯಲ್ಲಿ ಅನ್ನ, ಮೇಲೆ ಒಣಮೆಣಸಿನಕಾಯಿ ನೀರು. ಬೇರೇನೂ ಇರಲಿಲ್ಲ. ಹಂದಿಮರಿಗೆ ಯಾವ ವಸ್ತು ಎಷ್ಟು ಕಡಿಮೆ ಬೀಳುತ್ತದೆ ಅಂತ ನನಗೆ ಗ್ರಾಂ ಲೆಕ್ಕದಲ್ಲಿ ಗೊತ್ತು. ಈ ಮಗುವಿಗೆ ಎಷ್ಟು ಕಡಿಮೆ ಬೀಳುತ್ತಿದೆ ಅಂತ ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ಅದಕ್ಕೇ ಈ ಬರಹ.

ಮೊದಲು ಲೈಸಿನ್ ಅಂದರೇನು ಹೇಳಿಬಿಡುತ್ತೇನೆ. ನಮ್ಮ ಮೈ ಪ್ರೋಟೀನ್ ಕಟ್ಟುವುದು 20 ಬಗೆಯ ಅಮೈನೋ ಆಮ್ಲಗಳಿಂದ. ಅದರಲ್ಲಿ 9 ಬಗೆಯನ್ನು ನಾವು ತಯಾರಿಸಿಕೊಳ್ಳಲಾರೆವು, ಊಟದಿಂದಲೇ ಬರಬೇಕು. ಲೈಸಿನ್ ಅವುಗಳಲ್ಲಿ ಒಂದು. 1889ರಲ್ಲಿ ಡ್ರೆಕ್ಸೆಲ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಮೊದಲು ಬೇರ್ಪಡಿಸಿದ್ದು ಹಾಲಿನ ಪ್ರೋಟೀನಿನಿಂದ. ಹಸುವಿಗೆ ಈ ತಾಪತ್ರಯ ಇಲ್ಲ. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ ಹುಲ್ಲು ತಿಂದು ಲೈಸಿನ್ ಮಾಡಿ ಕೊಡುತ್ತವೆ. ಹಂದಿಗೆ ಆ ಅನುಕೂಲ ಇಲ್ಲ. ಅದರದು ನಮ್ಮ ಹಾಗೇ ಒಂದೇ ಕೋಣೆಯ ಹೊಟ್ಟೆ.

ಕ್ಲಾಸಿನಲ್ಲಿ ನಾನು ಹೂವಿನ ಮಾಲೆಯ ಉದಾಹರಣೆ ಕೊಡುತ್ತೇನೆ. ನಾಲ್ಕು ಮಲ್ಲಿಗೆಗೆ ಒಂದು ಕನಕಾಂಬರ ಅಂತ ಮಾಲೆ ಕಟ್ಟುತ್ತಿದ್ದೀರಿ. ಕನಕಾಂಬರ ಮುಗಿಯಿತು. ಬುಟ್ಟಿ ತುಂಬಾ ಮಲ್ಲಿಗೆ ಇದ್ದರೂ ಮಾಲೆ ಅಲ್ಲಿಗೇ ನಿಂತಿತು, ಅಲ್ವಾ? ಉಳಿದ ಮಲ್ಲಿಗೆಯನ್ನು ನಾಳೆಗೆ ಎತ್ತಿಡೋಣ ಅಂದರೆ ಮೈಯಲ್ಲಿ ಆ ಉಗ್ರಾಣವೂ ಇಲ್ಲ. ಮಿಕ್ಕ ಅಮೈನೋ ಆಮ್ಲ ಸುಟ್ಟು ಶಕ್ತಿಯಾಗುತ್ತದೆ, ಅದರ ಸಾರಜನಕ ಮೂತ್ರದಲ್ಲಿ ಹೋಗುತ್ತದೆ. ಅಕ್ಕಿ, ಗೋಧಿ, ರಾಗಿ, ಮೆಕ್ಕೆಜೋಳ ತಿನ್ನುವವರ ಬುಟ್ಟಿಯಲ್ಲಿ ಮೊದಲು ಖಾಲಿಯಾಗುವ ಕನಕಾಂಬರವೇ ಲೈಸಿನ್.

ಅದನ್ನು ನಾನು ಕಣ್ಣಾರೆ ಕಂಡಿದ್ದು ಪುಸ್ತಕದಲ್ಲಲ್ಲ, ಗೂಡಿನಲ್ಲಿ. ಮೂರು ವರ್ಷದ ಹಿಂದೆ ಒಂದು ಕಡೆ ಸೋಯಾ ಹಿಂಡಿ ಕಡಿಮೆ ಬೆಲೆಗೆ ಸಿಕ್ಕಿತು. ಬಣ್ಣ ಸ್ವಲ್ಪ ಕಪ್ಪು, ಮೂಗಿನ ಹತ್ತಿರ ಹಿಡಿದರೆ ಹುರಿದ ವಾಸನೆ. ಪ್ರೋಟೀನ್ ಅಷ್ಟೇ ಇದೆ ಅಂದರು. ಅದು ಸುಳ್ಳೂ ಅಲ್ಲ. ನಾವು ಹತ್ತು ಮೂಟೆ ತಂದೆವು. ಆ ಸಲದ ಮರಿಗಳು ಬೆಳೆಯಲೇ ಇಲ್ಲ. ಹೊಟ್ಟೆ ತುಂಬಾ ತಿನ್ನುತ್ತಿದ್ದವು, ಕಾಯಿಲೆ ಇಲ್ಲ, ಜಂತಿಗೆ ಔಷಧಿ ಕೊಟ್ಟಿತ್ತು. ಆದರೂ ಬೆನ್ನುಮೂಳೆ ಎದ್ದು ಕಾಣುತ್ತಿತ್ತು, ಕೂದಲು ಒರಟು. ಪಶುವೈದ್ಯರು ಬಂದು ಹಿಂಡಿಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ, "ಇದು ಜಾಸ್ತಿ ಸುಟ್ಟಿದೆ ಮೇಡಂ, ಲೈಸಿನ್ ಹೋಗಿದೆ" ಅಂದರು.

ಸುಟ್ಟರೆ ಲೈಸಿನ್ ಎಲ್ಲಿಗೆ ಹೋಗುತ್ತದೆ? ಇದು ನನಗೆ ಬಹಳ ಇಷ್ಟದ ವಿಷಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಲಸಿನ ಹಣ್ಣು, ಸೀಬೆ ಹಣ್ಣು ಎಳೆಯಲು ನಾವು ದೋಟಿ ಇಟ್ಟುಕೊಂಡಿರುತ್ತೇವಲ್ಲ, ಉದ್ದ ಕೋಲು, ತುದಿಗೆ ಕೊಕ್ಕೆ? ಲೈಸಿನ್ ಅಣುವಿನ ಬದಿಯಲ್ಲಿ ಅಂಥದೇ ಒಂದು ದೋಟಿ ಇದೆ. ನಾಲ್ಕು ಇಂಗಾಲದ ಕೋಲು, ತುದಿಯಲ್ಲಿ ಸಾರಜನಕದ ಕೊಕ್ಕೆ. ಆ ಕೊಕ್ಕೆಗೆ ಧನ ವಿದ್ಯುದಂಶ ಇರುತ್ತದೆ. ಪ್ರೋಟೀನಿನ ಸರಪಳಿಯಲ್ಲಿ ಕಟ್ಟಿಕೊಂಡ ಮೇಲೂ ಈ ದೋಟಿ ಹೊರಗೆ ಚಾಚಿಕೊಂಡೇ ಇರುತ್ತದೆ. ಸಿಕ್ಕಿದ್ದನ್ನು ಹಿಡಿಯುತ್ತದೆ. ಲೈಸಿನ್ ಮಾಡುವ ಕೆಲಸವೆಲ್ಲ, ಕೆಡುವ ದಾರಿಯೂ, ಈ ಕೊಕ್ಕೆಯಿಂದಲೇ.

ಬಿಸಿ ಜಾಸ್ತಿಯಾದಾಗ ಪಕ್ಕದಲ್ಲಿರುವ ಸಕ್ಕರೆ ಅಂಶ ಈ ಕೊಕ್ಕೆಗೆ ಅಂಟಿಕೊಳ್ಳುತ್ತದೆ. ಬಣ್ಣ ಕಂದಾಗುತ್ತದೆ, ಘಮ ಬರುತ್ತದೆ. 1912ರಲ್ಲಿ ಲೂಯಿ ಕಮೀ ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ವಿವರಿಸಿದ. ಹಾಗೆ ಅಂಟಿಕೊಂಡ ಲೈಸಿನ್ ಅನ್ನು ನಮ್ಮ ಕರುಳು ಬಿಡಿಸಿಕೊಂಡು ಬಳಸಲಾರದು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರೆ ಸಾರಜನಕ ಅಷ್ಟೇ ತೋರಿಸುತ್ತದೆ, ಪ್ರೋಟೀನ್ ಇದೆ ಅಂತಲೇ ಬರುತ್ತದೆ. ಮರಿಗೆ ಮಾತ್ರ ದಕ್ಕುವುದಿಲ್ಲ.

ಆ ವಾರವೇ ನಮ್ಮತ್ತೆ ಮನೆಖರ್ಚಿಗೆ ಕಾಫಿ ಬೀಜ ಹುರಿಯುತ್ತಿದ್ದರು. ಕಬ್ಬಿಣದ ಬಾಣಲೆ, ಸೌದೆ ಒಲೆ, ಉದ್ದ ಹಿಡಿಯ ಸೌಟು. ಹಸಿರು ಬೀಜ ಹಳದಿಯಾಗಿ, ಕಂದಾಗಿ, ಚಟ್ ಅಂತ ಸಿಡಿಯುವ ಹೊತ್ತಿಗೆ ಅಂಗಳವೆಲ್ಲ ಘಮ್ ಅನ್ನುತ್ತಿತ್ತು. ನಾನು ನಿಂತು ನೋಡಿದೆ. ಹಸಿ ಬೀಜದಲ್ಲಿದ್ದ ಲೈಸಿನ್ ಬಹುಪಾಲು ಅಲ್ಲೇ, ಆ ಬಾಣಲೆಯಲ್ಲೇ ಸಕ್ಕರೆ ಜೊತೆ ಸೇರಿ ಬಣ್ಣ, ಘಮ ಆಗಿ ಹೋಗುತ್ತಿತ್ತು. ಕಾಫಿಯಲ್ಲಿ ನಮಗೆ ಬೇಕಾದದ್ದೂ ಅದೇ. ಹಿಂಡಿಯಲ್ಲಿ ಅದೇ ಆದಾಗ ನಮ್ಮ ಮರಿಗಳು ಸೊರಗಿದವು.

ಆಗ ಶುರುವಾಯಿತು ಡಬ್ಬಿ ಪುಡಿ. ಇದನ್ನು ಯಾವುದೋ ಪ್ರಾಣಿಯಿಂದ ತೆಗೆಯುತ್ತಾರೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. 1956ರಲ್ಲಿ ಜಪಾನಿನ ಕಿನೋಶಿತಾ ಎಂಬುವರ ತಂಡಕ್ಕೆ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಹೆಸರು ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ. ಅದಕ್ಕೆ ಕಾಕಂಬಿಯನ್ನೋ ಜೋಳದ ಸಕ್ಕರೆಯನ್ನೋ ತಿನ್ನಿಸಿದರೆ ಅಮೈನೋ ಆಮ್ಲ ಹೊರಗೆ ಹಾಕುತ್ತದೆ. ಅದರ ತಳಿಗಳನ್ನು ಆರಿಸಿ ದೊಡ್ಡ ತೊಟ್ಟಿಗಳಲ್ಲಿ ಲೈಸಿನ್ ಮಾಡುತ್ತಾರೆ. ಪ್ರಪಂಚದಲ್ಲಿ ತಯಾರಾಗುವ ಲೈಸಿನ್‌ನ ಹೆಚ್ಚಿನ ಪಾಲು ಹೋಗುವುದು ಹಂದಿ, ಕೋಳಿಯ ಮೇವಿಗೇ.

ಈಗ ತಂಗಿಯ ವಿಷಯ.

2019ರ ಆಗಸ್ಟ್. ಆಶ್ಲೇಷ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ತಂಗಿಯನ್ನು ಕೊಟ್ಟಿರುವುದು ಶಾಂತಳ್ಳಿ ಕಡೆ, ಪುಷ್ಪಗಿರಿ ಬೆಟ್ಟದ ಬುಡ. ನೋವು ಬಂದಾಗ ರಾತ್ರಿ ಎರಡು ಗಂಟೆ. ದಾರಿಯಲ್ಲಿ ಮರ ಬಿದ್ದಿತ್ತು. ಬಾವನೂ ಅಕ್ಕಪಕ್ಕದವರೂ ಗರಗಸ ತಂದು ಮರ ಕೊಯ್ದು, ಜೀಪು ದಾಟಿಸಿ, ಪೇಟೆಯ ಆಸ್ಪತ್ರೆಗೆ ತಂದರು. ನಾನು ಇತ್ತ ಕಡೆಯಿಂದ ಹೋಗಿ ಸೇರಿಕೊಂಡೆ. ಬೆಳಿಗ್ಗೆ ಆರಕ್ಕೆ ಗಂಡು ಮಗು. ಎಲ್ಲ ಸಲೀಸಾಯಿತು ಅಂದುಕೊಳ್ಳುವಷ್ಟರಲ್ಲಿ ರಕ್ತ ನಿಲ್ಲಲಿಲ್ಲ.

ನನಗೆ ಆ ಅರ್ಧ ಗಂಟೆ ಈಗಲೂ ಕನಸಿನಲ್ಲಿ ಬರುತ್ತದೆ. ಬಕೆಟ್ಟು, ಬಟ್ಟೆ, ಓಡಾಟ. ತಂಗಿಯ ತುಟಿ ಬೆಳ್ಳಗಾಗಿತ್ತು. ಡಾಕ್ಟರ್ ಗರ್ಭಕೋಶ ಬಿಗಿಯಾಗಲು ಇಂಜೆಕ್ಷನ್ ಕೊಟ್ಟರು, ಹೊಟ್ಟೆ ಮೇಲೆ ಕೈಯಿಟ್ಟು ಒತ್ತುತ್ತಲೇ ಇದ್ದರು. ಸಿಸ್ಟರ್ ಇನ್ನೊಂದು ಔಷಧಿ ಎಳೆದುಕೊಂಡು ಗಡಿಯಾರ ನೋಡುತ್ತಾ ನಿಧಾನವಾಗಿ ಹತ್ತು ನಿಮಿಷ ನರಕ್ಕೆ ಬಿಟ್ಟರು. ಒಂದು ಗ್ರಾಂ. ಟೇಬಲ್ ಮೇಲೆ ಒಡೆದಿಟ್ಟ ಗಾಜಿನ ಆಂಪ್ಯೂಲ್ ಮೇಲೆ ಹೆಸರು ಓದಿದೆ. ಟ್ರಾನೆಕ್ಸಾಮಿಕ್ ಆ್ಯಸಿಡ್.

ರಕ್ತ ಹತೋಟಿಗೆ ಬಂತು. ಎರಡು ಬಾಟಲಿ ರಕ್ತ ಕೊಟ್ಟರು. ಐದನೇ ದಿನ ತಂಗಿ ಮಗು ಎತ್ತಿಕೊಂಡು ಮನೆಗೆ ಬಂದಳು. ಯಾವ ಒಂದು ಔಷಧಿಯಿಂದ ಉಳಿದಳು ಅಂತ ಹೇಳಲು ಆಗುವುದಿಲ್ಲ. ಡಾಕ್ಟರ ಕೈ, ರಕ್ತ ಕೊಟ್ಟವರು, ಮರ ಕೊಯ್ದವರು, ಎಲ್ಲರೂ ಸೇರಿ ಉಳಿಸಿದರು. ಆದರೆ ಆ ಆಂಪ್ಯೂಲ್ ನನ್ನ ತಲೆಯಲ್ಲಿ ಉಳಿಯಿತು. ಓದುತ್ತಾ ಹೋದೆ. ಅದರ ಮೂಲವೂ ಲೈಸಿನ್ನೇ!

ರಕ್ತ ಹೆಪ್ಪುಗಟ್ಟುವುದು ಫೈಬ್ರಿನ್ ಎಂಬ ಎಳೆಗಳಿಂದ. ಬಲೆಯ ಹಾಗೆ. ಆ ಎಳೆಗಳಿಂದಲೂ ಲೈಸಿನ್ ದೋಟಿಗಳು ಹೊರಗೆ ಚಾಚಿರುತ್ತವೆ. ಹೆಪ್ಪನ್ನು ಕರಗಿಸುವ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನ್ ಬಂದು ಆ ಕೊಕ್ಕೆಗಳನ್ನೇ ಹಿಡಿದು ಕೂರುತ್ತದೆ. ಕೂತ ಮೇಲೆ ಕತ್ತರಿಯಾಗಿ ಬದಲಾಗಿ ಎಳೆಗಳನ್ನು ಕತ್ತರಿಸುತ್ತದೆ. ಸಾಮಾನ್ಯ ಹೊತ್ತಿನಲ್ಲಿ ಇದು ಬೇಕಾದದ್ದೇ, ಇಲ್ಲದಿದ್ದರೆ ನರದಲ್ಲಿ ಹೆಪ್ಪು ಉಳಿದುಬಿಡುತ್ತದೆ. ಆದರೆ ರಕ್ತ ಸೋರುವಾಗ ಕತ್ತರಿ ಜಾಸ್ತಿ ಓಡಿದರೆ ಅಪಾಯ. ಟ್ರಾನೆಕ್ಸಾಮಿಕ್ ಆ್ಯಸಿಡ್ ಲೈಸಿನ್‌ನ ಹಾಗೇ ಕಾಣುವ ಸಣ್ಣ ಅಣು. ಪ್ಲಾಸ್ಮಿನೋಜೆನ್ ಕೊಕ್ಕೆ ಹಿಡಿಯುವ ಜಾಗದಲ್ಲಿ ತಾನೇ ಹೋಗಿ ಕೂತುಬಿಡುತ್ತದೆ. ಹಿಡಿಯಲು ಜಾಗ ಸಿಗದೆ ಕತ್ತರಿ ಎಳೆಯ ಹತ್ತಿರ ಬರಲಾರದು. ಹೆಪ್ಪು ಕರಗದೆ ಉಳಿಯುತ್ತದೆ.

ಇದನ್ನು ಕಂಡುಹಿಡಿದದ್ದು ಜಪಾನಿನ ಉತಾಕೋ ಒಕಮೋಟೋ, ಅವರ ಗಂಡ ಶೋಸುಕೆ ಒಕಮೋಟೋ. ಯುದ್ಧ ಮುಗಿದ ಕಾಲ, ಹಣ ಇಲ್ಲ, ಸಲಕರಣೆ ಇಲ್ಲ. ರಕ್ತದ ಮೇಲೆ ಸಂಶೋಧನೆ ಮಾಡಿದರೆ ಕೊನೇ ಪಕ್ಷ ತಮ್ಮದೇ ರಕ್ತ ತೆಗೆದು ಬಳಸಬಹುದು ಅಂತ ಅದನ್ನು ಆರಿಸಿಕೊಂಡರು. ಲೈಸಿನ್‌ನಿಂದ ಹೊರಟು, ಅದರ ರೂಪವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ, 1962ರಲ್ಲಿ ಟ್ರಾನೆಕ್ಸಾಮಿಕ್ ಆ್ಯಸಿಡ್ ತನಕ ಬಂದರು. ಉತಾಕೋ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರಂತೆ. ಹೆರಿಗೆಯ ರಕ್ತಸ್ರಾವಕ್ಕೆ ಇದನ್ನು ಪರೀಕ್ಷಿಸಿ ನೋಡಿ ಅಂತ ಅಲ್ಲಿನ ಡಾಕ್ಟರುಗಳನ್ನು ಕೇಳಿಕೊಂಡರು. ಆಗ ಯಾರೂ ಒಪ್ಪಲಿಲ್ಲ. ಕೊನೆಗೆ 21 ದೇಶಗಳ 20,060 ತಾಯಂದಿರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದ ಆಗುವ ಸಾವು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಫಲಿತಾಂಶ ಬಂದದ್ದು 2017ರಲ್ಲಿ. ಉತಾಕೋ ತೀರಿಕೊಂಡದ್ದು 2016ರಲ್ಲಿ, 98ನೇ ವಯಸ್ಸಿನಲ್ಲಿ. ಒಂದು ವರ್ಷ ಇನ್ನೂ ಇದ್ದಿದ್ದರೆ ಅಂತ ನನಗೆ ತುಂಬಾ ಅನ್ನಿಸುತ್ತದೆ. ನನ್ನ ತಂಗಿಯ ಮಗ ಈಗ ಶಾಲೆಗೆ ಹೋಗುತ್ತಾನೆ. ಅವನನ್ನು ನೋಡಿದಾಗ ಬೆನ್ನಿಗೆ ಮಗು ಕಟ್ಟಿಕೊಂಡ ಆ ತಾಯಿ ನೆನಪಾಗುತ್ತಾರೆ.

ಓದುತ್ತಾ ಹೋದ ಹಾಗೆ ದೋಟಿ ಎಲ್ಲೆಲ್ಲೂ ಕಂಡಿತು. ನಮ್ಮತ್ತೆಯ ಇನ್ಸುಲಿನ್ ಪೆನ್ನಿನಲ್ಲಿ ಕೂಡ. ಅದರ ಮೇಲೆ ಲಿಸ್ಪ್ರೋ ಅಂತ ಬರೆದಿದೆ. ಲೈಸಿನ್, ಪ್ರೋಲಿನ್ ಎರಡೂ ಸೇರಿದ ಹೆಸರು. ಇನ್ಸುಲಿನ್ ಸರಪಳಿಯಲ್ಲಿ 28, 29ನೇ ಜಾಗದಲ್ಲಿರುವ ಈ ಎರಡನ್ನು ಅದಲುಬದಲು ಮಾಡಿದ್ದಾರೆ, ಅಷ್ಟೇ. ಅದರಿಂದ ಅಣುಗಳು ಗುಂಪು ಕಟ್ಟಿಕೊಂಡು ಕೂರುವುದಿಲ್ಲ, ಬೇಗ ರಕ್ತಕ್ಕೆ ಇಳಿಯುತ್ತವೆ. ಹಿಂದೆ ಚುಚ್ಚಿಕೊಂಡು ಅರ್ಧ ಗಂಟೆ ಕಾಯುತ್ತಿದ್ದ ಅತ್ತೆ ಈಗ ಕಡುಬು ಬಡಿಸುವ ಹೊತ್ತಿಗೆ ಚುಚ್ಚಿಕೊಳ್ಳುತ್ತಾರೆ. ಮೂಳೆ, ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದೂ ಲೈಸಿನ್ ಕೊಕ್ಕೆಗಳಿಂದಲೇ. ಅದಕ್ಕೆ ಸಿ ವಿಟಮಿನ್ ಬೇಕು, ತಾಮ್ರವೂ ಬೇಕು. ನಮ್ಮ ಒಂದೊಂದು ಜೀವಕೋಶದಲ್ಲಿ ಎರಡು ಮೀಟರ್ ಉದ್ದದ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಗಳ ತುಂಬಾ ಲೈಸಿನ್ ಇದೆ. ಡಿಎನ್‌ಎಗೆ ಋಣ ವಿದ್ಯುದಂಶ, ಕೊಕ್ಕೆಗೆ ಧನ. ಅದಕ್ಕೇ ಅಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ.

ತುಟಿ ಮೇಲೆ ಪದೇ ಪದೇ ಏಳುವ ಹರ್ಪಿಸ್ ಗುಳ್ಳೆಗೆ ಲೈಸಿನ್ ಮಾತ್ರೆ ತಗೊಳ್ಳಬಹುದಾ ಅಂತ ಇಬ್ಬರು ವಿದ್ಯಾರ್ಥಿನಿಯರು ಕೇಳಿದ್ದರು. ಅದು ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ದುಡ್ಡು ಉಳಿಸಿಕೊಳ್ಳಿ ಅಂದೆ.

ಮತ್ತೆ ಆ ಹುಡುಗಿಯ ತಟ್ಟೆಗೆ ಬರುತ್ತೇನೆ.

ಅವತ್ತು ಸಂಜೆ ಅವಳನ್ನು ಮೇವಿನ ತಕ್ಕಡಿ ಮೇಲೇ ನಿಲ್ಲಿಸಿದೆ. 12 ಕೆ.ಜಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಈ ವಯಸ್ಸಿಗೆ ದಿನಕ್ಕೆ ಕೆ.ಜಿ.ಗೆ 35 ಮಿಲಿಗ್ರಾಂ ಲೈಸಿನ್ ಬೇಕು. ಅಂದರೆ 420. ನೂರು ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಅದರಲ್ಲಿ ಲೈಸಿನ್ ಸುಮಾರು 250 ಮಿಲಿಗ್ರಾಂ. ಬರೀ ಅನ್ನದಲ್ಲಿ 420 ತುಂಬಿಸಬೇಕಾದರೆ 170 ಗ್ರಾಂ ಅಕ್ಕಿ ಬೇಯಿಸಿ ಪೂರ್ತಿ ಉಣ್ಣಿಸಬೇಕು. ಆ ಪುಟ್ಟ ಹೊಟ್ಟೆಗೆ ಅದು ರಾಶಿ ಅನ್ನ. ಜ್ವರವೋ ಭೇದಿಯೋ ಬಂದ ವಾರದಲ್ಲಿ ಅಸಾಧ್ಯ. ಸೊರಗಿದ ಮಗು ಮತ್ತೆ ಬೆಳೆಯಲು ಈ ಲೆಕ್ಕಕ್ಕಿಂತ ಜಾಸ್ತಿಯೇ ಬೇಕು. ಹಗಲೆಲ್ಲ ಕಾಫಿ ಕುಯ್ಯುವ ಅವಳ ತಾಯಿ 50 ಕೆ.ಜಿ. ಇರಬಹುದು. ದೊಡ್ಡವರಿಗೆ ಕೆ.ಜಿ.ಗೆ 30ರ ಲೆಕ್ಕ, ಹಾಗಾಗಿ ಅವಳಿಗೆ ದಿನಕ್ಕೆ 1500 ಬೇಕು. 400 ಗ್ರಾಂ ಅಕ್ಕಿ ಉಂಡರೂ ಸಿಗುವುದು 1000.

ಈಗ ಈ ಕಡೆ ನೋಡಿ. 25 ಗ್ರಾಂ ಹುರುಳಿಯೋ ತೊಗರಿಬೇಳೆಯೋ, ಅಂದರೆ ಒಂದು ಸಣ್ಣ ಹಿಡಿ. ಅದರಲ್ಲಿ ಸುಮಾರು 350 ಮಿಲಿಗ್ರಾಂ ಲೈಸಿನ್. ಒಂದು ಮೊಟ್ಟೆಯಲ್ಲಿ ಸುಮಾರು 450. ನೂರು ಗ್ರಾಂ ಅಕ್ಕಿಯ ಅನ್ನಕ್ಕೆ ಆ ಒಂದು ಹಿಡಿ ಕಾಳು ಸೇರಿದರೆ ಮಗುವಿನ ಲೆಕ್ಕ ದಾಟಿತು. ಕಾಳಿನಲ್ಲಿ ಕಡಿಮೆ ಇರುವ ಗಂಧಕದ ಅಮೈನೋ ಆಮ್ಲ ಅಕ್ಕಿಯಲ್ಲಿದೆ, ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ. ಕಡುಬಿಗೆ ಮೊಳಕೆ ಕಾಳಿನ ಸಾರು, ರೊಟ್ಟಿಗೆ ಅವರೆಕಾಳಿನ ಪಲ್ಯ ಅಂತ ಮಾಡಿಟ್ಟ ನಮ್ಮ ಅಜ್ಜಿಯರಿಗೆ ಇದರ ಹೆಸರು ಗೊತ್ತಿರಲಿಲ್ಲ, ಹದ ಗೊತ್ತಿತ್ತು. ನಮ್ಮಲ್ಲಿ ಹಬ್ಬಕ್ಕೆ ಹಂದಿ ಸಾರು ಮಾಡಿದ ದಿನ ಈ ಚಿಂತೆಯೇ ಇಲ್ಲ. ಆದರೆ ದಿನಾ ಹಬ್ಬ ಇರುವುದಿಲ್ಲವಲ್ಲ. ಹಾಗಾಗಿಯೇ ಅಂಗನವಾಡಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಕೊಡುವ ಹಾಲು, ಮೊಟ್ಟೆ ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಟ್ಟರೆ ಹೊಟ್ಟೆ ತುಂಬುತ್ತದೆ, ಆದರೆ ಲೈಸಿನ್ ಲೆಕ್ಕದಲ್ಲಿ ಅದು ಮೊಟ್ಟೆಗೆ ಬದಲಿ ಅಲ್ಲವೇ ಅಲ್ಲ. ಆ ಮಗುವಿಗೆ ಇನ್ನಷ್ಟು ಹಾಲು, ಕಾಳು ಸಿಗಬೇಕು. ಕುಯ್ಲಿಗೆ ಬಂದವರ ಮಕ್ಕಳನ್ನು ಎರಡು ಮೂರು ತಿಂಗಳಿಗೆ ಅಂತ ಅಂಗನವಾಡಿಗೆ ಸೇರಿಸುವವರು ಕಡಿಮೆ. ಅದನ್ನು ತೋಟದವರಾದ ನಾವೇ ಮುಂದೆ ನಿಂತು ಮಾಡಬೇಕು. ನಾನು ಅಷ್ಟು ವರ್ಷ ಮಾಡಿರಲಿಲ್ಲ. ಮಾರನೇ ದಿನ ಅವಳ ಕೈ ಹಿಡಿದುಕೊಂಡು ಹೋಗಿ ಸೇರಿಸಿ ಬಂದೆ.

ಲೈನ್ ಮನೆಗೆ ವಾರಕ್ಕೆ ಎರಡು ಸೇರು ಹುರುಳಿ ಕೊಡಲು ಶುರು ಮಾಡಿದೆವು. ಮೊದಲ ವಾರ ಮೂಟೆ ಹಾಗೇ ಇತ್ತು. ಕುಯ್ದು ದಣಿದು ಬಂದವಳಿಗೆ ಕಾಳು ಬೇಯುವ ತನಕ ಕಾಯಲು ಎಲ್ಲಿ ಪುರುಸೊತ್ತು? ಅದು ನನಗೆ ಹೊಳೆಯಲೇ ಇಲ್ಲ. ಆಮೇಲೆ ಒಂದು ಕುಕ್ಕರ್ ಕೊಟ್ಟೆ. ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಡುವ ಕೆಲಸ ಆ ಹುಡುಗಿಯೇ ವಹಿಸಿಕೊಂಡಳು. ಬೆಳಿಗ್ಗೆ ಗಂಟು ಬಿಚ್ಚಿ, ಬಾಲ ಬಂದಿದೆ ಟೀಚರಮ್ಮ ಅಂತ ಓಡಿ ಬಂದು ತೋರಿಸುತ್ತಿದ್ದಳು.

ಫೆಬ್ರವರಿ ಕೊನೆಗೆ ಕುಯ್ಲು ಮುಗಿಯಿತು. ಹೊರಡುವ ದಿನ ಅವಳ ತಾಯಿ ಉಳಿದ ಹುರುಳಿಯನ್ನು ಚೀಲಕ್ಕೆ ತುಂಬಿಕೊಳ್ಳುತ್ತಾ ಹೇಳಿದಳು.

"ಊರಲ್ಲಿ ನಮ್ಮ ಹೊಲದಲ್ಲೇ ಬೆಳೀತೀವಿ ಅಮ್ಮ ಇದನ್ನ. ಎತ್ತಿಗೆ ಬೇಯಿಸಿ ಹಾಕ್ತಿದ್ವಿ. ಮಿಕ್ಕಿದ್ದು ಮಾರಿಬಿಡ್ತಿದ್ವಿ."

ಈ ಸಲ ಮನೆಗೂ ಎತ್ತಿಟ್ಟುಕೊಳ್ಳುತ್ತೀನಿ ಅಂದಳು. ಹುಡುಗಿ ಗೂಡಿನ ಹತ್ತಿರ ಓಡಿಹೋಗಿ, ಮರಿಗಳಿಗೆ ಒಂದೊಂದಾಗಿ ಟಾಟಾ ಮಾಡಿ ಬಂದು ಜೀಪು ಹತ್ತಿದಳು.